ಕೈ ತೊಳೆದು ಒಳಗೆ ಬನ್ನಿ

ಹೋದ ವಾರ ನಮ್ಮ ಮೇಲಿನ ಮನೆಗೆ ಮಗು ಬಂತು. ಬಾಡಿಗೆಗಿರುವ ಗಂಡ ಹೆಂಡತಿ ಇಬ್ಬರೂ ಚಿಕ್ಕ ವಯಸ್ಸಿನವರು, ಸಂಕೋಚದವರು. ಮಗುವನ್ನು ನೋಡಿಕೊಂಡು ಬರೋಣವೆಂದು ನಾನೂ ನನ್ನ ಹೆಂಡತಿ ಸರೋಜಳೂ ಮೆಟ್ಟಿಲು ಹತ್ತಿದೆವು. ಬಾಗಿಲಲ್ಲೇ ಆ ಹುಡುಗ ತಡವರಿಸಿದ. “ಅಂಕಲ್, ತಪ್ಪು ತಿಳ್ಕೋಬೇಡಿ. ಡಾಕ್ಟ್ರು ಹೇಳಿದಾರೆ... ಸ್ವಲ್ಪ ಕೈ ತೊಳ್ಕೊಂಡು ಬರ್ತೀರಾ?”

ತೊಳೆದುಕೊಂಡೆವು. ಮಗುವನ್ನು ಎರಡು ಮಾರು ದೂರದಿಂದ ನೋಡಿ, ಚೆನ್ನಾಗಿದೆ ಎಂದು ಹೇಳಿ ಇಳಿದೆವು. ಅರ್ಧ ಮೆಟ್ಟಿಲಲ್ಲಿ ಸರೋಜ ಗೊಣಗಿದಳು: “ಎಷ್ಟು ಮಕ್ಕಳನ್ನ ಎತ್ತಿ ಆಡಿಸಿದ ಕೈ ರೀ ಇದು. ಇದರಲ್ಲೇನು ವಿಷ ಇರತ್ತೆ?” ಹಾಗೆಂದವಳು ನನ್ನ ಮುಖ ನೋಡಿ ನಕ್ಕುಬಿಟ್ಟಳು. “ಬಿಡಿ, ನೀವು ಆಗ ಮಾಡಿದ್ದಕ್ಕಿಂತ ಇದು ವಾಸಿ.”

ಸಾಯಂಕಾಲದವರೆಗೂ ಅಂಗೈಯಲ್ಲಿ ಆ ಸೋಪಿನ ವಾಸನೆ ಇತ್ತು. ನಾನು ಆಗ ಏನು ಮಾಡಿದ್ದೆ ಎಂಬುದನ್ನು ನಿಮಗೆ ಹೇಳಿಬಿಡುತ್ತೇನೆ. ನಗು ಬಂದರೆ ತಡೆದುಕೊಳ್ಳಬೇಡಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಜಯನಗರದಲ್ಲಿ ಒಂದು ದೊಡ್ಡ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ನಾವು ಬಾಡಿಗೆಗಿದ್ದೆವು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ನಮ್ಮ ಮೊದಲ ಮಗು, ಗಂಡು, ಮೂರು ತಿಂಗಳು ತುಂಬುವ ಮೊದಲೇ ವಾಂತಿಭೇದಿಯಿಂದ ಹೋಗಿತ್ತು. ಹಾಲು ಕುಡಿಸುವ ಬಾಟಲಿಯನ್ನು ಸರಿಯಾಗಿ ಕುದಿಸಿರಲಿಲ್ಲವೇನೋ ಎಂದು ಆಸ್ಪತ್ರೆಯಲ್ಲಿ ಯಾರೋ ಅಂದರು. ಆ ‘ಏನೋ’ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎರಡು ವರ್ಷಕ್ಕೆ ಅನುರಾಧ ಹುಟ್ಟಿದಾಗ, ಗಾಳಿಯಲ್ಲಿ ಕ್ರಿಮಿಗಳು ಸಾಲುಗಟ್ಟಿ ನಮ್ಮ ಮನೆಯ ಕಡೆಗೇ ಬರುತ್ತಿವೆ ಎಂದು ನನಗೆ ಅನ್ನಿಸತೊಡಗಿತು.

ನಕ್ಷೆಯವನ ಬುದ್ಧಿ ನಕ್ಷೆಯವನದೇ. ದಪ್ಪ ಕಾಗದದ ಮೇಲೆ ಇಂಡಿಯನ್ ಇಂಕಿನಲ್ಲಿ, ನಾಲ್ಕೂ ಕಡೆ ಅಂಚು ಹಾಕಿ, ಗುಂಡಗೆ ಬರೆದೆ: ‘ಚಪ್ಪಲಿ ಹೊರಗೆ. ಕೈ ತೊಳೆದು ಒಳಗೆ ಬನ್ನಿ. ಮಗುವಿಗೆ ಮುತ್ತು ಕೊಡಬೇಡಿ.’ ಅದನ್ನು ಬಾಗಿಲಿಗೆ ಅಂಟಿಸಿದೆ. ಸಾಲದು ಎನಿಸಿ ನಡುಮನೆಯ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಗೆರೆ ಎಳೆದೆ. ಬಂದವರು ಅದನ್ನು ದಾಟುವಂತಿಲ್ಲ. ಗೆರೆ ಗೋಡೆಗೆ ಸಮನಾಗಿದೆಯೇ ಎಂದು ಅಳೆದೂ ನೋಡಿದ್ದೆ. ಶ್ರೀನಗರ ಬಡಾವಣೆಯಿಂದ ಬಂದ ನಮ್ಮ ಅತ್ತೆ, ಸರೋಜಳ ತಾಯಿ, ಆ ಗೆರೆಯ ಈಚೆ ಕೂತು ಮೊಮ್ಮಗಳನ್ನು ನೋಡಿ, ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಗೆರೆ ದಾಟಲು ಅಪ್ಪಣೆ ಇದ್ದದ್ದು ಒಬ್ಬಳಿಗೇ. ಅವಳು ಯಡಿಯೂರಿನ ಮುನಿಯಮ್ಮ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಅವಳ ಕಸುಬು. ನೀಳವಾದ ಕಾಲುಗಳನ್ನು ಚಾಚಿ ಬಚ್ಚಲಲ್ಲಿ ಕೂತು, ಮಗುವನ್ನು ಅವುಗಳ ಮೇಲೆ ಮಲಗಿಸಿಕೊಂಡರೆ, ಅರಚುತ್ತಿದ್ದ ಅನು ಎರಡನೇ ಚೊಂಬಿಗೆ ಸುಮ್ಮನಾಗುತ್ತಿದ್ದಳು. ಕೈ ತೊಳೆಯುವುದರಲ್ಲಿ ಮಾತ್ರ ಆಕೆಗೂ ನಾನು ವಿನಾಯಿತಿ ಕೊಟ್ಟಿರಲಿಲ್ಲ. ಮೂರು ಸಲ ಸೋಪು ಹಚ್ಚಿ ಮೊಣಕೈವರೆಗೆ ತೊಳೆಯಬೇಕು, ಉಗುರು ತೋರಿಸಬೇಕು, ಮಗುವಿನ ಮೂಗಿಗೆ ಊದಬಾರದು. ಅವಳು ತಕರಾರಿಲ್ಲದೆ ಎಲ್ಲವನ್ನೂ ಮಾಡುತ್ತಿದ್ದಳು. ನಾನು ಬಚ್ಚಲ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ನಿಂತು ಕೆಮ್ಮುತ್ತಿದ್ದೆ.

ಹೌದು, ಕೆಮ್ಮುತ್ತಿದ್ದೆ. ಕಚೇರಿಯಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಯಂತ್ರದಿಂದ ಅಮೋನಿಯಾ ಬರುತ್ತಿತ್ತು. ಅದರ ಘಾಟು ಎಂದುಕೊಂಡಿದ್ದೆ. ಸಂಜೆ ಮೈ ಬೆಚ್ಚಗಾದರೆ ಬಿಸಿಲಲ್ಲಿ ಬಸ್ಸಿಗೆ ನಿಂತದ್ದಕ್ಕೆ. ಪ್ಯಾಂಟು ಸಡಿಲವಾದರೆ ಮಗುವಿನ ಚಿಂತೆಗೆ. ಪ್ರತಿಯೊಂದಕ್ಕೂ ನನ್ನ ಬಳಿ ಉತ್ತರವಿತ್ತು.

ಒಂದು ಬೆಳಿಗ್ಗೆ ಮುನಿಯಮ್ಮ ಮೂರನೆಯ ಸಲ ಸೋಪು ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

“ಅಲ್ಲಾ ಸಾಮಿ, ನನ್ ಕೈನ ಮೂರು ದಪ ತೊಳುಸ್ತೀರ. ನಿಮ್ ಕೆಮ್ಮುನ್ನ ಯಾರು ತೊಳೀತಾರೆ?”

“ಅದು ಆಫೀಸಿನ ಘಾಟು.”

“ಎಷ್ಟ್ ದಿನ ಆಯ್ತು?”

ಲೆಕ್ಕ ಹಾಕಿದೆ. ಎರಡು ತಿಂಗಳು ದಾಟಿತ್ತು.

“ನಮ್ ಯಜಮಾನ್ರೂ ಇಂಗೇ ಬೀಡಿ ಘಾಟು ಅಂತಿದ್ರು,” ಎಂದಳು ಅವಳು. “ಸಂಜೆ ಜರ ಬತ್ತದಾ? ಬಂದ್ರೆ ಆಸ್ಪತ್ರೆಗೆ ಓಗಿ. ಓಗ್ದಿದ್ರೆ ನಾಳೆಯಿಂದ ನಾನು ಬರಾಕಿಲ್ಲ. ಈ ಕೂಸ್ಗೆ ನೀರ್ ಹಾಕಿ ಹಾಕಿ, ಆಮೇಲೆ ಅದುಕ್ಕೆ ಏನಾರ ಆದ್ರೆ ನನ್ ಕೈಲಿ ನೋಡಾಕಾಗಲ್ಲ.”

ನನಗೆ ಸಿಟ್ಟು ಬಂತು. ನನಗೇ ಪಾಠ ಹೇಳುತ್ತೀಯಾ ಎಂದು ಬಾಯಿ ತೆರೆದೆ, ಬಂದದ್ದು ಕೆಮ್ಮು. ಟವೆಲ್ಲು ಹಿಡಿದು ನಿಂತಿದ್ದ ಸರೋಜ ಮಗುವನ್ನು ಸುತ್ತಿ ಎದೆಗೆ ಒತ್ತಿಕೊಂಡು, “ಇವತ್ತು ರಜಾ ಹಾಕಿ,” ಎಂದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಕಫ ಪರೀಕ್ಷೆ ಮಾಡಿದರು. ಎರಡು ದಿನ ಬಿಟ್ಟು ಹೋದಾಗ ವಯಸ್ಸಾದ ವೈದ್ಯರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಕ್ಷಯ ಎಂದರು. ವಾಸಿಯಾಗುತ್ತದೆ, ಹೆದರಬೇಡಿ ಎಂದೂ ಅಂದರು. ಆಮೇಲೆ ಪೆನ್ನು ತೆಗೆದುಕೊಂಡು ಕೇಳಿದ ಮೊದಲ ಪ್ರಶ್ನೆ: “ಮನೇಲಿ ಚಿಕ್ಕ ಮಕ್ಕಳು ಇದಾರಾ?”

ಐದು ತಿಂಗಳ ಮಗು ಇದೆ ಎಂದೆ. ಊರಿನ ಕ್ರಿಮಿಗಳನ್ನೆಲ್ಲ ಹೊರಗಿಟ್ಟು ಬಾಗಿಲು ಹಾಕಿಕೊಂಡಿದ್ದೆನಲ್ಲ, ಒಳಗೆ ಉಳಿದದ್ದು ನಾನು. ದಿನವೂ ರಾತ್ರಿ ಊಟವಾದ ಮೇಲೆ ಆ ಮಗುವಿನ ಕೆನ್ನೆಗೆ ಕೆನ್ನೆ ತಾಗಿಸಿ ಮಲಗಿಸುತ್ತಿದ್ದವನೂ ನಾನೇ.

ಅನುವಿನ ಪುಟ್ಟ ತೋಳಿಗೆ ಸೂಜಿ ಚುಚ್ಚಿ, ಮೂರು ದಿನ ಬಿಟ್ಟು ನೋಡುತ್ತೇವೆ ಎಂದರು. ಆ ಮೂರು ದಿನ ಸರೋಜ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮಗುವಿಗೆ ರೋಗ ತಗಲಿರಲಿಲ್ಲ. ಆದರೂ ಮುನ್ನೆಚ್ಚರಿಕೆಗೆಂದು ಮಾತ್ರೆ ಕೊಟ್ಟರು. ಅದನ್ನು ಪುಡಿ ಮಾಡಿ ಚಮಚೆಯಲ್ಲಿ ಎದೆಹಾಲಿಗೆ ಬೆರೆಸಿ ಕುಡಿಸಬೇಕು. ನಾನು ಸ್ವಲ್ಪ ಕಾಲ ದೂರವಿರಬೇಕು.

ತಾಯಿ ಮಗು ಶ್ರೀನಗರಕ್ಕೆ ಹೋದರು. ಅವತ್ತು ಕಾಫಿ ಕುಡಿಯದೆ ಹೋಗಿದ್ದ ಅತ್ತೆ ಅವರನ್ನು ಒಳಗೆ ಕರೆದುಕೊಂಡು, ನನಗೆ ಗೇಟಿನ ಹತ್ತಿರವೇ ಮೆಲ್ಲಗೆ ಹೇಳಿದರು: “ನ್ಯುಮೋನಿಯಾ ಅಂತ ಹೇಳೋಣ. ಹೆಣ್ಣು ಮಗು, ನಾಳೆ ಅವಳ ಮದುವೆ ಆಗಬೇಕು.” ಆ ಕಾಲದಲ್ಲಿ ಕ್ಷಯವೆಂದರೆ ಹಾಗಿತ್ತು.

ನನಗೆ ಬೆಳಿಗ್ಗೆ ಸೂಜಿ, ಮೂರು ಹೊತ್ತು ಮಾತ್ರೆ. ಸಂಜೆ ಬಸ್ಸು ಹಿಡಿದು ಶ್ರೀನಗರಕ್ಕೆ ಹೋಗಿ ಅತ್ತೆಯ ಮನೆಯ ಗೇಟಿನಾಚೆ ನಿಲ್ಲುತ್ತಿದ್ದೆ. ಮುನಿಯಮ್ಮ ಅಷ್ಟು ದೂರ ನಡೆದು ಬಂದು ಮಗುವಿಗೆ ನೀರು ಹಾಕುವುದನ್ನು ಬಿಟ್ಟಿರಲಿಲ್ಲ. ಕೆಲವು ದಿನ ಸಂಜೆಯವರೆಗೂ ಅಲ್ಲೇ ಇದ್ದು, ನಾನು ಬಂದ ಕೂಡಲೇ ಕಿಟಕಿಯಲ್ಲಿ ಅನುವನ್ನು ಎತ್ತಿ ಹಿಡಿಯುತ್ತಿದ್ದಳು. “ನೋಡಿ ಸಾಮಿ, ಅಲ್ಲು ಬಂದೈತೆ!” ಅಷ್ಟು ದೂರಕ್ಕೆ ಹಲ್ಲು ಕಾಣುತ್ತದೆಯೇ? ಕಂಡಿತು ಎಂದೆ.

ಮುನಿಯಮ್ಮನಲ್ಲಿ ನಾನು ಕ್ಷಮೆ ಕೇಳಲಿಲ್ಲ. ಎರಡೂವರೆ ತಿಂಗಳ ಮೇಲೆ ಕಫದಲ್ಲಿ ಏನೂ ಇಲ್ಲವೆಂದು ಬರೆದುಕೊಟ್ಟ ದಿನ ತಾಯಿ ಮಗುವನ್ನು ಕರೆದುಕೊಂಡು ಮನೆಗೆ ಬಂದು ಬಾಗಿಲ ಮೇಲಿನ ಕಾಗದವನ್ನು ಕಿತ್ತೆ. ಮರುದಿನ ಮುನಿಯಮ್ಮ ಬಂದವಳು ಖಾಲಿ ಬಾಗಿಲನ್ನು ನೋಡಿ, “ಯಾಕ್ ಸಾಮಿ ತೆಗುದ್ರಿ? ಅದ್ರಲ್ಲಿ ಇದ್ದಿದ್ದೇನು ಸುಳ್ಳಲ್ಲ,” ಎಂದು, ಯಾರೂ ಹೇಳದೆಯೇ ಮೂರು ಸಲ ಕೈ ತೊಳೆದುಕೊಂಡಳು.

ಈ ಕಥೆಯನ್ನು ನಾವು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಭಾನುವಾರ ಅನು ಗಿರಿನಗರದಿಂದ ಬಂದಿದ್ದಳು. ಮೇಲಿನ ಮನೆಯ ಹುಡುಗ ಕೈ ತೊಳೆಸಿದ್ದನ್ನು ಹೇಳಲು ಹೊರಟ ಸರೋಜ, ಮಾತಿಗೆ ಮಾತು ಸೇರಿ, ಎಲ್ಲವನ್ನೂ ಹೇಳಿಬಿಟ್ಟಳು. ಸುಣ್ಣದಕಡ್ಡಿಯ ಗೆರೆಗೆ ಅನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗೇಟಿನ ಮಾತು ಬಂದಾಗ ನಗು ನಿಂತಿತು.

“ಅಪ್ಪ, ಅದಕ್ಕೇನಾ ನೀವು ನನ್ನ ಎತ್ಕೊಂಡಾಗೆಲ್ಲ ಮುಖ ಆ ಕಡೆ ಮಾಡ್ತಿದ್ದಿದ್ದು? ನನ್ನ ಚಿಕ್ಕಂದಿನ ಎಲ್ಲಾ ಫೋಟೋದಲ್ಲೂ ನೀವು ಗೋಡೆ ನೋಡ್ತಿದೀರ.”

“ವಾಸಿಯಾಗಿದೆ ಅಂತ ಡಾಕ್ಟ್ರು ಹೇಳಿದ್ರು. ನನಗೇ ನಂಬಿಕೆ ಬರಲಿಲ್ಲ,” ಎಂದೆ.

ಅವಳು ನಕ್ಕು ಒದ್ದೆಯಾದ ಕಣ್ಣು ಒರೆಸಿಕೊಂಡಳು. “ನಾನು ಬೇರೆ ಏನೋ ಅಂದ್ಕೊಂಡಿದ್ದೆ. ಅಣ್ಣ ಹೋಗಿ ನಾನು ಬಂದೆ ಅಂತ ನಿಮಗೆ ಬೇಜಾರು ಅಂತ.”

ಇಷ್ಟು ವರ್ಷ ಆ ಮಗು ಹಾಗೆಂದುಕೊಂಡೇ ಬೆಳೆದಿತ್ತು! ಕ್ರಿಮಿ ತಗಲದಂತೆ ನಾನು ತಿರುಗಿಸಿಕೊಂಡ ಮುಖದಿಂದ ಅವಳಿಗೆ ಇನ್ನೇನೋ ತಗಲಿತ್ತು. ಮೇಲಿನ ಮನೆಯ ಹುಡುಗ ನನ್ನನ್ನು ಕೇಳಿದರೆ ಹೇಳುತ್ತೇನೆ: ಎಲ್ಲರ ಕೈ ತೊಳೆಸಪ್ಪ, ಸಂಕೋಚಪಡಬೇಡ, ನಿನಗೆ ಕೆಮ್ಮು ಬಂದರೆ ನೀನೂ ದೂರ ನಿಲ್ಲು. ಆದರೆ ಯಾಕೆ ನಿಂತೆ ಅಂತ ಮಗು ದೊಡ್ಡದಾದ ಮೇಲೆ ಮರೆಯದೆ ಹೇಳು.

ಅನು ಎದ್ದು ಬಂದು ಸೋಫಾದಲ್ಲಿ ನನಗೆ ಒತ್ತಿ ಕೂತಳು. ಕೈ ಚಾಚಿ ಮೊಬೈಲನ್ನು ನಮ್ಮಿಬ್ಬರ ಎದುರಿಗೆ ಹಿಡಿದಳು. ಅವಳ ತಲೆಯಲ್ಲೂ ಬಿಳಿ ಕೂದಲು ಬಂದಿವೆ.

“ಅಪ್ಪ, ಈ ಕಡೆ ನೋಡಿ,” ಎಂದಳು.

ನೋಡಿದೆ.