ತವರಿನಿಂದ ತಂದ ಪಾರಿಜಾತ

ನರಗುಂದದ ಅರಸರ ಬಂಡಾಯಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ಗಜೇಂದ್ರಗಡದ ತವರಿನಿಂದ ಸವಡಿಯ ಗಂಡನ ಮನೆಗೆ ಮೊದಲ ಸಲ ಸಂಸಾರಕ್ಕೆ ಬರುವಾಗ ನನ್ನ ಕಾಲ ಬಳಿ ಒದ್ದೆ ಗೋಣಿಯಲ್ಲಿ ಸುತ್ತಿದ ಪಾರಿಜಾತದ ಸಸಿ ಇತ್ತು. ಚಕ್ಕಡಿಯ ಹಿಂದೆ ಎರಡು ಬುಟ್ಟಿ ಕೆಂಪು ಮಣ್ಣು. ಮಣ್ಣನ್ನೂ ಬಳುವಳಿ ಕೊಡುತ್ತಾರೆಯೇ ಎಂದು ಓಣಿಯವರು ನಕ್ಕರು. ಅಪ್ಪ ನಗಲಿಲ್ಲ.

"ಅಲ್ಲಿದು ಕರಿ ಎರಿ ಭೂಮಿ, ಮಗಳ. ಮಳಿಗಾಲಕ್ಕ ನೀರು ಹಿಡದು ಬೇರು ಕೊಳಸತೈತಿ, ಬ್ಯಾಸಗಿಗೆ ಬಿರುಕು ಬಿಟ್ಟು ಬೇರು ಹರೀತೈತಿ. ತೆಗ್ಗು ತೋಡಿ ತಳಕ್ಕ ಹಂಚಿನ ಚೂರು ಹಾಕು. ಈ ಮಣ್ಣು ಅದರಾಗ ಕೂಡಿಸು," ಅಂದರು.

ಗಂಡನ ಮನೆಯಲ್ಲಿ ಅತ್ತೆ ಮಾವ ಇರಲಿಲ್ಲ. ಮನೆಯವರ ಅಕ್ಕನದೇ ಕಾರುಬಾರು. ಅವರನ್ನು ಅಸೂಟಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತಿರುಗಿ ಬಂದವರು ತಾಯಿ ತೀರಿದ ಮೇಲೆ ತಮ್ಮನನ್ನು ತಾವೇ ಸಾಕಿದ್ದರು. ಮಾತು ಕಡಿಮೆ, ಇದ್ದದ್ದೂ ಮೊನಚು. ಯಾರ ಮನೆಯಲ್ಲಿ ಶುಭಕಾರ್ಯ ನಡೆದರೂ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹೂವಿನ ಬುಟ್ಟಿ ಎದುರಾದರೆ ಸೆರಗು ಸರಿಪಡಿಸಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ನನಗೆ ಅವರನ್ನು ಕಂಡರೆ ಖರೇ ಅಂದರೆ ಹೆದರಿಕೆ.

ಹಿತ್ತಲ ಬಾಗಿಲ ಪಕ್ಕದಲ್ಲಿ ಅಪ್ಪ ಹೇಳಿದಂತೆಯೇ ಸಸಿ ಹಚ್ಚಿದೆ. ಮನೆಯ ಬಾವಿಯ ನೀರು ಸವಳು. ಅದನ್ನು ಹಾಕಿದರೆ ಎಲೆಯ ಅಂಚು ಸುಟ್ಟಂತಾಗುತ್ತಿತ್ತು. ಹಾಗಾಗಿ ಕೆರೆಯಿಂದ ಹೊತ್ತು ತಂದ ಸಿಹಿನೀರಿನಲ್ಲಿ ದಿನಕ್ಕೊಂದು ತಂಬಿಗೆ ಅದಕ್ಕೆ ಹಾಕತೊಡಗಿದೆ. ಒಂದು ದಿನ ಅಕ್ಕ ನೋಡಿದರು.

"ಈ ಕಟಗಿಗೆ ಕೆರಿ ನೀರು ಹಾಕತೀಯೇನ?"

"ಕಟಗಿ ಅಲ್ರಿ ಅಕ್ಕಾರ, ಹೂವಿನ ಗಿಡ."

"ಹೂವು ಯಾರಿಗೆ ಬೇಕಾಗೈತಿ? ಅಷ್ಟು ನೀರು ಎಮ್ಮಿಯರ ಕುಡಿತಿತ್ತು."

ನಾನು ತಂಬಿಗೆ ಕೆಳಗಿಟ್ಟು ಒಳಗೆ ಹೋದೆ. ಮರುದಿನದಿಂದ ಅಡುಗೆಯ ಕೆರೆ ನೀರಿನಲ್ಲೇ ಬೇಳೆ, ಕಾಯಿಪಲ್ಲೆ ತೊಳೆದು ಉಳಿದದ್ದನ್ನು ಹಾಕಿ ಅದನ್ನು ಉಳಿಸಿಕೊಂಡೆ. ದೀಪಾವಳಿ ಹೊತ್ತಿಗೆ ಸಸಿ ನನ್ನ ಸೊಂಟದಷ್ಟಾಯಿತು. ಹೂವು ಬಿಡಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಬಲಿತಾಗ ಎಲೆ ಉದುರತೊಡಗಿತು. ತವರಿನಲ್ಲಿ ದೊಡ್ಡ ಗಿಡದ ಎಲೆ ಬೇಸಿಗೆಯಲ್ಲಿ ಉದುರುವುದನ್ನು ನೋಡಿದ್ದೆ, ಆದರೆ ಇಷ್ಟು ಬತ್ತಲಾದದ್ದನ್ನು ಕಂಡಿರಲಿಲ್ಲ. ಯುಗಾದಿಗೆ ಒಂದೆಲೆಯೂ ಇರಲಿಲ್ಲ. ಸುತ್ತಲಿನ ನೆಲ ಬೆರಳು ತೂರುವಷ್ಟು ಬಿರಿದಿತ್ತು. ಆಗ ನನಗೆ ಏಳು ತಿಂಗಳು. ಚೊಚ್ಚಲ ಬಾಣಂತನಕ್ಕೆ ಕರೆದೊಯ್ಯಲು ಅಣ್ಣ ಚಕ್ಕಡಿ ತಂದಿದ್ದ. ಹೊರಡುವ ಮುಂಜಾನೆ ಒಣಗಿದ ಆ ಕಡ್ಡಿಗಳನ್ನು ನೋಡಿ, ಬಸುರಿಗೆ ಇದು ಅಪಶಕುನ ಅನ್ನಿಸಿ ಅಕ್ಕನನ್ನು ಕರೆದೆ.

"ಅದನ್ನ ಕಿತ್ತು ಒಲಿಗೆ ಹಾಕ್ರಿ ಅಕ್ಕಾರ. ಬಾಗಲದಾಗ ಹಂತಾದ್ದು ಬ್ಯಾಡ," ಅಂದೆ. ಅಕ್ಕ ಗಿಡದ ಕಡೆ ಒಮ್ಮೆ ನೋಡಿದರು. ನನ್ನ ಗಂಟು ಎತ್ತಿ ಚಕ್ಕಡಿಯಲ್ಲಿಟ್ಟರು.

ಹೆಣ್ಣು ಮಗು ಹುಟ್ಟಿತು. ಐದು ತಿಂಗಳಿಗೆ ಕೂಸನ್ನು ಕರೆದುಕೊಂಡು ಸವಡಿಗೆ ಬಂದಾಗ ದೀಪಾವಳಿ ಹತ್ತಿರವಿತ್ತು. ಕೂಸಿಗೆ ದೃಷ್ಟಿ ತೆಗೆಯಲು ನೆರೆಮನೆಯ ಮುತ್ತೈದೆಯನ್ನು ಕರೆಸಿದ್ದರು. ಅಕ್ಕ ಎಂದಿನಂತೆ ಕಾಣಲಿಲ್ಲ. ಕೂಸನ್ನು ಎತ್ತಿಕೊಂಡು ಅವರನ್ನು ಹುಡುಕುತ್ತ ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ.

ಗಿಡ ನನ್ನ ತಲೆಗಿಂತ ಎತ್ತರ ಬೆಳೆದಿತ್ತು. ಬುಡದ ಸುತ್ತ ಗೇಣು ದಪ್ಪ ಜೋಳದ ಒಣಗರಿಯ ರವದಿ ಹಾಸಿದ್ದರು, ಪಕ್ಕದಲ್ಲಿ ಸೋರುವ ಗಡಿಗೆಯೊಂದನ್ನು ಕೊರಳ ತನಕ ಹೂಳಿದ್ದರು. ಕೆಳಗೆ ಹಳೆಯ ಧೋತರ ಹಾಸಿ, ಅದರ ಮೇಲೆ ಉದುರಿದ ಹೂಗಳನ್ನು ಅಕ್ಕ ಒಂದೊಂದಾಗಿ ಆರಿಸುತ್ತಿದ್ದರು. ನಾನು ಬಂದದ್ದು ಗೊತ್ತಾಗಿ ತಪ್ಪು ಮಾಡಿ ಸಿಕ್ಕವರ ಹಾಗೆ ಎದ್ದರು.

"ದೇವರಿಗಷ್ಟ," ಅಂದರು.

"ಒಣಗಿತ್ತಲ್ರಿ?"

"ನೀ ಹೇಳಿದಿ ಅಂತ ಕೀಳಾಕ ಹ್ವಾದೆ. ಉಗುರು ತಾಗಿ ಸಿಪ್ಪಿ ಸುಲೀತು. ಒಳಗ ಹಸರಿತ್ತು, ತಂಪಿತ್ತು. ಜೀವ ಇದ್ದದ್ದನ್ನ ಹ್ಯಾಂಗ ಕೀಳ್ಲಿ?"

"ಮತ್ತ ನೀರು?"

"ನನ್ನ ಪಾಲಿಂದು ಹಾಕೀನಿ. ಎಮ್ಮಿದಲ್ಲ."

ನನಗೆ ನಗು ಬಂತು. ನಗುತ್ತಲೇ ಕಣ್ಣೂ ತುಂಬಿತು. ಅಕ್ಕ ಮುಖ ತಿರುಗಿಸಿ ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಮಡಿಸಿದ ಬಟ್ಟೆಯಿತ್ತು. ಬಿಚ್ಚಿದರೆ ಕೂಸಿನ ತಲೆಗೆ ಹಾಕುವ ಕುಂಚಿಗೆ. ಮೆತ್ತನೆಯ ಹಳೆಯ ಅರಿವೆಯಲ್ಲಿ ತಾವೇ ಹೊಲಿದು, ಶ್ರಾವಣದಿಂದ ಒಣಗಿಸಿಟ್ಟ ಪಾರಿಜಾತದ ತೊಟ್ಟುಗಳನ್ನು ಕುದಿಸಿ ಬಣ್ಣ ಕಟ್ಟಿದ್ದರು. ಮಾಗಿದ ಹಣ್ಣಿನಂಥ ಕೇಸರಿ. ಅದನ್ನು ನನ್ನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

"ನೀವ ಹಾಕ್ರಿ," ಅಂದೆ.

"ನನ್ನ ಕೈಲೆ ಬ್ಯಾಡ. ಹೊಸದಾಗಿ ಹೊಲದದ್ದು, ಈ ಮನ್ಯಾಗ ಕೂಸಿಗೆ ಮೊದಲನೇದು."

"ನಿಮ್ಮ ಕೈಲೇ ಆಗಬೇಕ್ರಿ."

ಒಳಗಿನಿಂದ ನೆರೆಯಾಕೆ ಏನೋ ಗೊಣಗಿದಳು. ಬಾಗಿಲಲ್ಲಿ ನಿಂತಿದ್ದ ಮನೆಯವರು ಆಕೆಯತ್ತ ತಿರುಗಿ, "ನನಗೂ ಅಕ್ಕನ ಕೈಯೇ ಉಡಿಸಿದ್ದು," ಅಂದರು, ಅಷ್ಟೇ. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡರು. ಕೂಸಿನ ತಲೆಯ ಮೇಲೆ ಕುಂಚಿಗೆ ಇಳಿಸಿ, ಗದ್ದದ ಕೆಳಗೆ ಕಸಿ ಕಟ್ಟಿದರು. ಕೂಸು ಅವರ ಹೆಬ್ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಅವರೂ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಕೂಸಿಗೆ ಎರೆಯುವುದು, ಮಲಗಿಸುವುದು ಎಲ್ಲ ಅವರದೇ ಆಯಿತು. ಮುಂದಿನ ವರ್ಷ ನನ್ನ ಮಗಳು ಮೊಟ್ಟಮೊದಲು "ಅವ್ವಾ" ಅಂದದ್ದು ಅವರನ್ನು ನೋಡಿ. ನನಗೆ ತುಸು ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅಕ್ಕ ಮಾತ್ರ ಗಾಬರಿಯಾಗಿ, "ನಾ ಅಲ್ಲಬೇ, ಅಕಿ ನಿಮ್ಮವ್ವ," ಎಂದು ನನ್ನ ಕಡೆ ಕೈ ತೋರಿಸಿದರು. ಮಗಳು ನನ್ನನ್ನು ನೋಡಿದಳು, ಅವರನ್ನು ನೋಡಿದಳು, ಮತ್ತೆ ಅವರ ಕಡೆಗೇ ಕೈ ಚಾಚಿದಳು.