ನನ್ನ ಹೆಸರಿನಲ್ಲಿ ಆಡಿದವನು

ಕಳೆದ ಬುಧವಾರ ಬೆಳಿಗ್ಗೆ ನಾನು ಓದಿದ ಕಾಲೇಜಿನ ಪ್ಯೂನ್ ಠಾಣೆಯ ನನ್ನ ಅಂಗಡಿಗೆ ಬಂದ. ಮುಚ್ಚಿಹೋದ ಹೋಟೆಲೊಂದರ ಇಡ್ಲಿ ಪಾತ್ರೆಯ ತಳವನ್ನು ನಾನಾಗ ಬಡಿದು ನೋಡುತ್ತಿದ್ದೆ. (ಸೆಕೆಂಡ್ ಹ್ಯಾಂಡ್ ಪಾತ್ರೆ ಕೊಳ್ಳುವವರು ತಳ ಬಡಿದು ನೋಡಬೇಕು, ಹೊಳಪು ನೋಡಬಾರದು. ಹೊಳಪನ್ನು ಹುಣಸೆಹಣ್ಣು ಕೊಡುತ್ತದೆ.)

ಅವನ ಕೈಯಲ್ಲಿ ಪ್ರಿನ್ಸಿಪಾಲರ ಪತ್ರವಿತ್ತು. ಕಾಲೇಜಿನ ಜಿಮಖಾನಾದಲ್ಲಿ ಸಾಗುವಾನಿ ಮರದ ಹೊಸ ಬೋರ್ಡ್ ಹಾಕುತ್ತಿದ್ದಾರಂತೆ. ನಮ್ಮ ಕಾಲೇಜಿನ ಫುಟ್‌ಬಾಲ್ ಚರಿತ್ರೆಯಲ್ಲಿ ಝೋನ್ ಇಲೆವೆನ್‌ಗೆ ಆಯ್ಕೆಯಾದವರ ಹೆಸರುಗಳು ಅದರ ಮೇಲೆ ಬಂಗಾರದ ಬಣ್ಣದಲ್ಲಿ ಬರುತ್ತವೆ. ಇಷ್ಟು ವರ್ಷದಲ್ಲಿ ಆಯ್ಕೆಯಾದವರು ಮೂರೇ ಜನ. ಎರಡನೆಯ ಹೆಸರು ಸದಾನಂದ, ಅಂದರೆ ನನ್ನದು. ಬರುವ ಭಾನುವಾರ ಮೂವರನ್ನೂ ಹೆಸರು ಕೂಗಿ ವೇದಿಕೆಗೆ ಕರೆಯುತ್ತಾರೆ. ಬೋರ್ಡಿನ ಪರದೆ ಎಳೆಯುವುದು ನಾನು.

ಸಂಜೆ ಡೊಂಬಿವಿಲಿಯ ಮನೆಯಲ್ಲಿ ಮಗಳು ಪತ್ರ ಓದಿದಳು. "ಪಪ್ಪಾ, ಆಪ್ ಫುಟ್‌ಬಾಲ್ ಖೇಲ್ತೇ ಥೇ?" (ನೀವು ಆಡುತ್ತಿದ್ದಿರಾ ಅಂತ. ನಾವು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು. ನಿಮ್ಮ ಮನೆಯಲ್ಲೂ ಹೀಗೆಯೇ ತಾನೆ?)

ನಾನು ಉತ್ತರ ಕೊಡುವ ಮೊದಲೇ ಹೆಂಡತಿ ಟ್ರಂಕಿನಿಂದ ನೀಲಿ ಬ್ಲೇಜರ್ ತೆಗೆದು ತಂದಳು. ಜೇಬಿನ ಮೇಲೆ ಝೋನಿನ ಲಾಂಛನ ಇನ್ನೂ ಇದೆ. "ಭಾನುವಾರ ಇದನ್ನೇ ಹಾಕಿಕೊಳ್ಳಿ. ಆದರೆ ಈ ಬೆನ್ನು ನೋಡಿ, ಗೋಣಿಚೀಲ ಹೊಲಿದ ಹಾಗೆ ಹೊಲಿದಿದ್ದಾರೆ. ಮದುವೆಯಾದಾಗಿನಿಂದ ಕೇಳ್ತಾ ಇದ್ದೇನೆ, ಯಾವ ಟೈಲರ್ ಇದು ಅಂತ. ನೀವು ಹೇಳುವುದೇ ಇಲ್ಲ."

ಇವತ್ತು ಹೇಳುತ್ತೇನೆ. ಕಾಲೇಜಿನ ಪರವಾಗಿ ನಾನು ಒಂದೇ ಒಂದು ಮ್ಯಾಚನ್ನೂ ಆಡಿದವನಲ್ಲ.

ಹದಿಮೂರು ವರ್ಷದ ಹಿಂದಿನ ಮಾತು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಠಾಣೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಗಲ್ಲಾ. ಫುಟ್‌ಬಾಲ್ ತಂಡಕ್ಕೆ ಹೆಸರು ಕೊಟ್ಟರೆ ಹಾಜರಾತಿಯಲ್ಲಿ ರಿಯಾಯಿತಿ ಇತ್ತು, ಪ್ರಾಕ್ಟೀಸ್ ದಿನ ವಡಾಪಾವ್ ಇತ್ತು. ಕೊಟ್ಟೆ. ಹನ್ನೆರಡನೆಯವನಾದೆ. ನನ್ನ ಕೆಲಸ ನೀರಿನ ಚೀಲ ಕಾಯುವುದು.

ಆ ಮಳೆಗಾಲದಲ್ಲಿ ನಮ್ಮ ಫುಲ್‌ಬ್ಯಾಕ್ ಕಾಮಾಲೆ ಹಿಡಿದು ಮಲಗಿದ. ಹನ್ನೆರಡು ಆಟಗಾರರ ಪಟ್ಟಿ ಆಗಲೇ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿತ್ತು. ಹೊಸ ಹೆಸರು ಸೇರಿಸುವಂತಿಲ್ಲ. ಪಿ.ಟಿ. ಸರ್ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಒಂದು ನಿಟ್ಟುಸಿರು ಬಿಟ್ಟರು. "ನಿನ್ನ ಐಡೆಂಟಿಟಿ ಕಾರ್ಡಿನ ಮೇಲೆ ಆಡುವವನು ಯಾರಾದರೂ ಇದ್ದಾನಾ?" ಎಂದು ಹಿಂದಿಯಲ್ಲಿ ಕೇಳಿದರು. ಕೇಳಿದ ರೀತಿ ನೋಡಿದರೆ ಇದು ಮೊದಲ ಸಲ ಅನ್ನಿಸಲಿಲ್ಲ. ಆಗೆಲ್ಲ ಹಾಗೆಯೇ. ಕಾರ್ಡಿನ ಫೋಟೊ ಮಳೆಯಲ್ಲಿ ನೆನೆದು ಎಲ್ಲರ ಮುಖವೂ ಒಂದೇ ಥರ ಆಗಿರುತ್ತಿತ್ತು.

ನನಗೆ ಒಬ್ಬ ಗೊತ್ತಿದ್ದ. ಮಲ್ಲಪ್ಪ. ಕಲಬುರಗಿ ಕಡೆಯವನು, ತುರ್ಭೆಯ ಗೋದಾಮಿನಲ್ಲಿ ಹಮಾಲಿ. ನಮ್ಮ ಹೋಟೆಲಿಗೆ ಮೈದಾ, ಬಟಾಟೆ ತರುವ ಟೆಂಪೊದಲ್ಲಿ ಬರುತ್ತಿದ್ದ. ಒಂದು ದಿನ ಅವನ ಬೆನ್ನ ಮೇಲಿನ ಚೀಲ ಹರಿದು ಬಟಾಟೆಯೊಂದು ಜಾರಿತು. ಚೀಲ ಇಳಿಸದೆ, ಕೆಳಗೆ ನೋಡದೆ, ಬರಿಗಾಲಿನಲ್ಲಿ ಅದನ್ನು ತಡೆದು, ಮೇಲಕ್ಕೆ ಚಿಮ್ಮಿಸಿ ಕೈಯಲ್ಲಿ ಹಿಡಿದ. ನಾನು ಗಲ್ಲಾ ಬಿಟ್ಟು ಎದ್ದು ಬಂದೆ. ಗೋದಾಮಿನ ಹಿಂದಿನ ಬಯಲಿನಲ್ಲಿ ಕಾರ್ಖಾನೆಯ ಕೇರಳದ ಹುಡುಗರ ಜೊತೆ ಭಾನುವಾರ ಆಡುತ್ತೇನೆ ಅಂದ.

ವಿಷಯ ಹೇಳಿದೆ. ಅವನು ಎರಡು ಕೇಳಿದ. ಒಂದು, ಬೂಟು. ಇನ್ನೊಂದನ್ನು ಕೈ ಒರೆಸಿಕೊಂಡು ಕೇಳಿದ.

"ಆಟ ಎಲ್ಲಾ ಮುಗದ ಮ್ಯಾಲ ಆ ಕಾರ್ಡ್ ಒಂದಿನ ನನ್ನಂತೇಕ ಇರ್ಲೇನ್ರಿ ಅಣ್ಣಾರ? ರೂಮಿನ್ಯಾಗ ಮಂದಿಗಿ ತೋರಸ್ತೀನಿ. ನಾ ಏಳನೇತ್ತಕ್ಕ ಸಾಲಿ ಬಿಟ್ಟಾಂವ. ಕಾಲೇಜಿನ ಕಾರ್ಡ್ ಕೈಯಾಗ ಹಿಡದ್ ಮಲಗಬೇಕಂತ ಆಶಾ."

ಹಳೆ ಸಾಮಾನು ಕೊಳ್ಳುವ ಬಗ್ಗೆ ವಾರಾವಾರ ಬರೆಯುವ ನನ್ನ ಈ ಅಂಕಣ ಓದುವವರಿಗೆ ನನ್ನ ಮೊದಲ ಪಾಠ ಗೊತ್ತೇ ಇದೆ: ಎದುರಿನವನು ಎರಡು ಕೇಳಿದರೆ ಒಂದಕ್ಕೆ ಇಳಿಸಿ, ಆ ಒಂದನ್ನೂ ಹಳೆಯದಾಗಿಸಿ. ಆ ಪಾಠವನ್ನು ನಾನು ಅಂದೇ ಕಲಿತಿದ್ದೆ. ಕಾಮಾಲೆ ಹುಡುಗನ ಹಳೆಯ ಬೂಟು ಕೊಡಿಸಿದೆ. ಒಂದು ನಂಬರ್ ಚಿಕ್ಕದು. ಕಾರ್ಡ್ ಮಾತ್ರ ಬೇಡ ಮಾರಾಯ, ಕಳೆದುಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂದೆ. ಅವನು ತಲೆಯಾಡಿಸಿದ. ಒಳ್ಳೆಯ ವ್ಯಾಪಾರ ಮಾಡಿದೆ ಎಂದುಕೊಂಡು ಅಂದು ಚೆನ್ನಾಗಿ ಊಟ ಮಾಡಿದೆ.

ನನ್ನ ಹೆಸರು, ನನ್ನ ಅಪ್ಪನ ಹೆಸರು, ರೋಲ್ ನಂಬರ್, ಎಲ್ಲವನ್ನೂ ಬಾಯಿಪಾಠ ಮಾಡಿಸಿದೆ. ನಮ್ಮೂರಿನ ಹೆಸರು ಅವನ ಬಾಯಲ್ಲಿ ತಿರುಗಲು ಎರಡು ದಿನ ಬೇಕಾಯಿತು. "ಸದಾನಂದ" ಎಂದು ಯಾರು ಎಲ್ಲಿ ಕೂಗಿದರೂ "ಹಾಂ" ಅನ್ನಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದೆ.

ಅಂದ. ನಾಲ್ಕು ಮ್ಯಾಚ್‌ಗಳಲ್ಲಿ ಅವನನ್ನು ದಾಟಿ ಹೋದವರನ್ನು ಬೆರಳಲ್ಲಿ ಎಣಿಸಬಹುದು. ಕೆಸರಿನಲ್ಲಿ ಬೇರೆಯವರು ಜಾರುತ್ತಿದ್ದರು, ಇವನು ನಿಲ್ಲುತ್ತಿದ್ದ. ಕ್ವಿಂಟಾಲ್ ಚೀಲ ಹೊತ್ತು ಹಲಗೆಯ ಮೇಲೆ ನಡೆಯುವ ಕಾಲುಗಳಿಗೆ ಕೆಸರು ಏನು ಮಹಾ? ಗೋಲಿನ ಮುಂದೆ ಇವನು ಇದ್ದರೆ ನಮ್ಮ ಗೋಲ್‌ಕೀಪರ್ ಆರಾಮಾಗಿ ಮೂಗು ಒರೆಸಿಕೊಳ್ಳುತ್ತಿದ್ದ. ಕಲ್ಯಾಣದ ಮೈದಾನದ ಕೊನೆಯ ಮ್ಯಾಚಿಗೆ ತುರ್ಭೆಯಿಂದ ಒಂದು ಟೆಂಪೊ ತುಂಬ ಹಮಾಲರು ಬಂದಿದ್ದರು. ಅವರಿಗೂ ಹೇಳಿಕೊಟ್ಟಿದ್ದೆವು. ಇಡೀ ಆಟ "ಸದಾನಂದಾ, ಸದಾನಂದಾ" ಎಂದು ಕೂಗಿದರು. ನಾನು ನೀರಿನ ಚೀಲದ ಮೇಲೆ ಕೂತು ಕೇಳಿಸಿಕೊಂಡೆ. ಅಷ್ಟು ಪ್ರೀತಿಯಿಂದ ನನ್ನ ಹೆಸರನ್ನು ಮತ್ತೆ ಯಾರೂ ಕೂಗಿಲ್ಲ. ಕೂಗಿದ್ದು ನನ್ನನ್ನಲ್ಲ, ಅದು ಬೇರೆ ಮಾತು.

ಆ ಮ್ಯಾಚ್ ಸೋತೆವು, ಎರಡನೇ ಸ್ಥಾನ ಬಂತು. ಆಮೇಲೆ ಝೋನ್ ಇಲೆವೆನ್ ಓದಿದರು. ಠಾಣೆಯಿಂದ ಕಲ್ಯಾಣದವರೆಗಿನ ಎಲ್ಲ ಕಾಲೇಜುಗಳಿಂದ ಆರಿಸಿದ ಅತ್ಯುತ್ತಮ ಹನ್ನೊಂದು ಮಂದಿ. ಎಲ್ಲರೂ ಒದ್ದೆ ಹುಲ್ಲಿನ ಮೇಲೆ ಕೂತಿದ್ದೆವು. ಮೂರನೆಯ ಹೆಸರು ಸದಾನಂದ.

ಮಲ್ಲಪ್ಪ ಎದ್ದ. ನಾನೂ ಎದ್ದೆ.

ಯಾಕೆ ಎದ್ದೆ? ಇವತ್ತಿಗೂ ಗೊತ್ತಿಲ್ಲ. ಹುಟ್ಟಿದಾಗಿನಿಂದ ಇರುವ ಹೆಸರು, ಕಿವಿಗೆ ಬಿತ್ತು, ಕಾಲು ಎದ್ದಿತು. ಎರಡು ಕ್ಷಣ ಇಬ್ಬರು ಸದಾನಂದರು ಮೈದಾನದಲ್ಲಿ ನಿಂತಿದ್ದೆವು. ಪಿ.ಟಿ. ಸರ್ ಹಿಂದಿನಿಂದ ನನ್ನ ಶರ್ಟು ಹಿಡಿದು ಎಳೆದರು. "ಬೈಠ್ ಜಾ, ಗಧೇ." ಕೂತೆ. ಮಲ್ಲಪ್ಪ ಹೋಗಿ ಕೈಕುಲುಕಿ ಬಂದ. ಹಿಂತಿರುಗುವಾಗ ಅವನ ಮುಖ ನೋಡಬೇಕಿತ್ತು ನೀವು.

ಕಷ್ಟ ಶುರುವಾದದ್ದು ಆಮೇಲೆ. ಝೋನಿನ ಕ್ಯಾಂಪಿಗೆ ಹೊಸ ಫೋಟೊ ಬೇಕು, ಅದರ ಮೇಲೆ ಪ್ರಿನ್ಸಿಪಾಲರ ಸಹಿ ಬೇಕು. ಪ್ರಿನ್ಸಿಪಾಲರಿಗೆ ನನ್ನ ಮುಖ ಗೊತ್ತು. ಸದಾನಂದನ ಕಾಲು ಉಳುಕಿದೆ ಎಂದು ಪಿ.ಟಿ. ಸರ್ ಕಾಗದ ಬರೆದರು. ಅಲ್ಲಿಗೆ ಮಲ್ಲಪ್ಪನ ಫುಟ್‌ಬಾಲ್ ಮುಗಿಯಿತು.

ಬ್ಲೇಜರ್ ಮಾತ್ರ ಮಂಜೂರಾಗಿತ್ತು. ಅಳತೆ ಕೊಟ್ಟು ಹೊಲಿಸಿಕೊಳ್ಳಬೇಕು. ಠಾಣೆಯ ಕೆರೆ ಹತ್ತಿರದ ಟೈಲರ್ ಅಂಗಡಿಗೆ ಇಬ್ಬರೂ ಹೋದೆವು. ಮಲ್ಲಪ್ಪ ರಜೆ ಹಾಕಿ, ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ ತುರ್ಭೆಯಿಂದ ಬಸ್ ಹಿಡಿದು ಬಂದಿದ್ದ. ಟೈಲರ್ ಟೇಪು ಬಿಚ್ಚಿ ಕೇಳಿದ, "ಕಿಸ್‌ಕಾ ನಾಪ್?"

ಯಾರ ಅಳತೆ?

ಮಲ್ಲಪ್ಪ ಒಂದು ಹೆಜ್ಜೆ ಮುಂದೆ ಬಂದಿದ್ದ. ಅವನ ಅಳತೆ ಕೊಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಮುಂದಿನ ತಿಂಗಳು ನನಗೊಂದು ಕಂಪನಿಯ ಇಂಟರ್‌ವ್ಯೂ ಇತ್ತು. ಸ್ಪೋರ್ಟ್ಸ್‌ನವರಿಗೆ ಆದ್ಯತೆ ಎಂದು ಬರೆದಿದ್ದರು. ಹಮಾಲಿಗೆ ಬ್ಲೇಜರ್ ಯಾಕೆ, ಎಲ್ಲಿ ಹಾಕಿಕೊಳ್ಳುತ್ತಾನೆ ಎಂದು ನನ್ನ ಬುದ್ಧಿ ಲೆಕ್ಕ ಹಾಕಿತು. ನಾನು ಕೈ ಅಗಲಿಸಿ ನಿಂತೆ. ಟೈಲರ್ ನನ್ನ ಎದೆಗೆ ಟೇಪು ಸುತ್ತಿದ. ಮಲ್ಲಪ್ಪ ಹಿಂದಕ್ಕೆ ಸರಿದು ಹೊಲಿಗೆ ಮೆಷಿನ್ ನೋಡುತ್ತ ನಿಂತ.

ಬ್ಲೇಜರ್ ಸಿಕ್ಕಿದ ದಿನ ಅವನೂ ಬಂದ.

"ಒಮ್ಮಿ ಹಾಕ್ಕೊಂಡ್ ನೋಡ್ಲೇನ್ರಿ ಅಣ್ಣಾರ?"

ಕೊಟ್ಟೆ. ಒಂದು ತೋಳು ಹೋಯಿತು. ಇನ್ನೊಂದು ತೋಳು ಹಾಕುವಾಗ ಬೆನ್ನ ನಡುವಿನ ಹೊಲಿಗೆ ಸರ್ರನೆ ಬಿಟ್ಟಿತು. ಅವನ ಬೆನ್ನು ಅಂಥದ್ದು. ಗಾಬರಿಯಾಗಿ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. "ತಪ್ಪಾತ್ರಿ. ನಾ ಸರಿ ಮಾಡಿ ತರ್ತೀನ್ರಿ." ಪರವಾಗಿಲ್ಲ ಅನ್ನಬಹುದಿತ್ತು. "ನಾಳೆಯೊಳಗೆ ತಾ" ಅಂದೆ.

ಮರುದಿನ ತಂದ. ದಬ್ಬಳ ಮತ್ತು ಸುತಳಿ ಹುರಿಯಲ್ಲಿ, ಚೀಲದ ಬಾಯಿ ಹೊಲಿಯುವ ಹಾಗೆ, ತಾನೇ ಹೊಲಿದಿದ್ದ. ಒಂದೊಂದು ಹೊಲಿಗೆಯೂ ಒಂದೇ ಅಳತೆ. "ಇನ್ನ ಹರಿಯಂಗಿಲ್ರಿ" ಅಂದ. ಹದಿಮೂರು ವರ್ಷವಾಯಿತು. ಬಟ್ಟೆ ನವೆದಿದೆ, ಜೇಬಿನ ಲಾಂಛನದ ದಾರ ಎದ್ದಿದೆ, ಆ ಹೊಲಿಗೆ ಹರಿದಿಲ್ಲ.

(ಇಂಟರ್‌ವ್ಯೂ ಏನಾಯಿತು ಎಂದು ಕೇಳುತ್ತೀರಿ. ಬ್ಲೇಜರ್ ನೋಡಿ ಸಾಹೇಬರು ಖುಷಿಯಾಗಿ, ಯಾವ ಜಾಗದಲ್ಲಿ ಆಡುತ್ತೀಯ ಎಂದು ಕೇಳಿದರು. "ಎಲ್ಲ ಕಡೆ ಸರ್" ಅಂದೆ. ಕೆಲಸ ಸಿಗಲಿಲ್ಲ. ಅದಕ್ಕೇ ಪಾತ್ರೆ ಮಾರುತ್ತಿದ್ದೇನೆ.)

ಹೋಟೆಲ್ ಬಿಟ್ಟು ಸ್ವಂತ ಧಂದೆ ಶುರು ಮಾಡಿದ ಮೇಲೆ ಮಲ್ಲಪ್ಪ ಕಣ್ಣಿಗೆ ಬೀಳಲಿಲ್ಲ. ನಾನೂ ಹುಡುಕಲಿಲ್ಲ. ತುರ್ಭೆಗೆ ಎಷ್ಟು ಸಲ ಹಳೆ ಸಾಮಾನು ನೋಡಲು ಹೋಗಿಲ್ಲ? ಗೋದಾಮಿನ ಕಡೆ ತಿರುಗಲಿಲ್ಲ.

ಗುರುವಾರ ಹೋದೆ. ಅಲ್ಲೀಗ ಹೊಸ ಗೋದಾಮುಗಳು ಎದ್ದಿವೆ, ಚೆಂಡಾಡುತ್ತಿದ್ದ ಬಯಲಿನಲ್ಲಿ ಟ್ರಕ್‌ಗಳು ನಿಂತಿವೆ. ಹಮಾಲರ ಮೇಲ್ವಿಚಾರಕ, ವಿಜಯಪುರ ಕಡೆಯ ಮುದುಕ ಮುಕಾದಮರೊಬ್ಬರು ನೆರಳಲ್ಲಿ ಕೂತಿದ್ದರು.

"ಮಲ್ಲಪ್ಪ ಅಂದ್ರ ಯಾವ ಮಲ್ಲಪ್ಪರಿ? ಕಲ್ಲ ಒಗದ್ರ ಮಲ್ಲಪ್ಪಗ ಬೀಳ್ತದ ಇಲ್ಲಿ."

"ಕಲಬುರಗಿಯವನು. ಎತ್ತರ, ಅಗಲ ಬೆನ್ನು. ಫುಟ್‌ಬಾಲ್ ಆಡುತ್ತಿದ್ದ."

"ಹಂಗನ್ರಿ ಮತ್ತ. ಅಂವಾ ಸದಾನಂದ."

"ಸದಾನಂದ ನನ್ನ ಹೆಸರು" ಅಂದೆ.

"ನಿಮ್ಮದೂ ಏನ್ರಿ? ಇರ್ಲಿ ಬಿಡ್ರಿ. ನಾ ಹೇಳೋದು ನಮ್ಮ ಸದಾನಂದನ ಸುದ್ದಿ. ಕಾಲೇಜಿನ್ಯಾಗ ಆಡ್ಯಾನ. ಹನ್ನೊಂದು ಮಂದ್ಯಾಗ ಒಬ್ಬಾಂವ. ನಾವೇ ಟೆಂಪೊ ಮಾಡ್ಕೊಂಡು ನೋಡಾಕ ಹೋಗಿದ್ವಿ."

"ಈಗ ಎಲ್ಲಿದ್ದಾನೆ?"

"ಉರಣ್ ಕಡಿ ಬಂದರದ ಕೆಲಸ ನಡದದಲ್ರಿ, ಅಲ್ಲಿ ಹ್ವಾದ. ಎಲ್ಲಿ ಇರ್ತಾನಂತ ನಮಗ ಗೊತ್ತಿಲ್ಲ. ಭಾಳ ಓದತಿದ್ದ. ಸಾಮಾನು ಹೆಂಗ ಖರೀದಿ ಮಾಡಬೇಕಂತ ಕನ್ನಡ ಪೇಪರಿನ್ಯಾಗ ಯಾರೋ ವಾರಾವಾರಾ ಬರೀತಾರ ನೋಡ್ರಿ, ಅದನ್ನ ನಮಗೆಲ್ಲಾ ಓದಿ ಹೇಳಿ ನಗತಿದ್ದ. ಚೌಕಾಶಿ ಮಾಡೋದು ಈ ಮನಷ್ಯಾನ್ನ ನೋಡಿ ಕಲೀಬೇಕು ಅಂತಿದ್ದ."

ಬಸ್ಸಿನಲ್ಲಿ ಠಾಣೆಯವರೆಗೂ ಸೀಟು ಖಾಲಿ ಇತ್ತು. ನಿಂತೇ ಬಂದೆ.

ಶುಕ್ರವಾರ ಪಿ.ಟಿ. ಸರ್ ಮನೆಗೆ ಹೋದೆ. ರಿಟೈರ್ ಆಗಿ ಡೊಂಬಿವಿಲಿಯಲ್ಲೇ ಇದ್ದಾರೆ. ಬೋರ್ಡಿನಲ್ಲಿ ಅವನ ಹೆಸರು ಬರೆಸೋಣ ಅಂದೆ. ಆಗುವುದಿಲ್ಲ ಅಂದರು. ಅವನು ವಿದ್ಯಾರ್ಥಿಯಲ್ಲ. ಬಾಯಿಬಿಟ್ಟರೆ ಆ ವರ್ಷದ ಎರಡನೇ ಸ್ಥಾನ ಹೋಗುತ್ತದೆ, ಉಳಿದ ಹತ್ತು ಹುಡುಗರ ಸರ್ಟಿಫಿಕೇಟೂ ಹೋಗುತ್ತದೆ. ಹಾಗಾದರೆ ನನ್ನ ಹೆಸರನ್ನಾದರೂ ತೆಗೆಸಿ ಅಂದೆ. "ಅದು ನಿನ್ನ ಹೆಸರಾ?" ಎಂದು ತಿರುಗಿ ಕೇಳಿದರು. ಎಲ್ಲ ಪಟ್ಟುಗಳನ್ನೂ ಹಾಕಿದೆ. ಬೋರ್ಡಿನ ಸಾಗುವಾನಿ ನಾನೇ ಕೊಡುತ್ತೇನೆ ಅಂದೆ. ನಾನು ಹತ್ತಿ ಬರಿಗೈಯಲ್ಲಿ ಇಳಿದ ಮೆಟ್ಟಿಲು ಅದೊಂದೇ.

ಮಗಳಿಗೆ ಅಂದೇ ಎಲ್ಲ ಹೇಳಿದೆ. ಅವಳು ಬ್ಲೇಜರಿನ ಬೆನ್ನಿನ ಮೇಲೆ ಬೆರಳು ಆಡಿಸುತ್ತ ಹೇಳಿದಳು, "ತೋ ಅಂಕಲ್ ಕೋ ಬುಲಾಓ ನಾ."

ಕರೆಯುತ್ತಿದ್ದೇನೆ. ಕಾಲೇಜಿನಲ್ಲಿ ಕನ್ನಡ ಓದುವವರು ಯಾರೂ ಇಲ್ಲ, ಪಿ.ಟಿ. ಸರ್‌ಗೂ ಬರುವುದಿಲ್ಲ. ಹಾಗಾಗಿ ಇದು ನಿಮ್ಮ ನನ್ನ ನಡುವೆಯೇ ಇರಲಿ. ಉರಣ್ ಕಡೆ ಕೆಲಸ ಮಾಡುವ ಓದುಗರು ಇದ್ದರೆ ಈ ಪುಟವನ್ನು ಪಕ್ಕದವರಿಗೆ ದಾಟಿಸಿ. ವಸ್ತು ಕೊಳ್ಳುವ ವಿಷಯಕ್ಕೆ ಈ ವಾರ ನನ್ನಲ್ಲಿ ಸಲಹೆಯಿಲ್ಲ.

ಮಲ್ಲಪ್ಪ, ಈ ಅಂಕಣವನ್ನು ಈಗಲೂ ಓದುತ್ತೀಯಾದರೆ ಕೇಳು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾಲೇಜಿನ ಗೇಟಿನ ಬಳಿ ನಿಂತಿರುತ್ತೇನೆ. ಕಾರ್ಡ್ ಹುಡುಕಿ ಇಟ್ಟಿದ್ದೇನೆ. ಒಂದು ದಿನಕ್ಕಲ್ಲ, ನೀನೇ ಇಟ್ಟುಕೋ. ಬ್ಲೇಜರಿನ ಬೆನ್ನು ಬಿಚ್ಚಿ ನಿನ್ನ ಅಳತೆಗೆ ಬಟ್ಟೆ ಸೇರಿಸು ಎಂದು ಟೈಲರ್‌ಗೆ ಕೊಡಲು ಹೋಗಿದ್ದೆ. ನಿನ್ನ ಹೊಲಿಗೆಯನ್ನು ಬಿಚ್ಚಲು ಅವನಿಗೆ ಆಗಲಿಲ್ಲ, ಕತ್ತರಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ತೋಳು ಹಾಕದೆ ಹೆಗಲ ಮೇಲೆ ಹೊದ್ದುಕೋ, ಸಾಕು.

ಒಳಗೆ ಆ ಹೆಸರನ್ನು ಕೂಗಿದಾಗ, ಈ ಸಲ ನಾನು ಕೂತೇ ಇರುತ್ತೇನೆ. ನೀನು ಏಳುತ್ತೀಯಾ?