ಬ್ರೌಸರಿನಲ್ಲಿದ್ದ ಮನೆ

ಭಟ್ಕಳದ ಹಳೆ ಫೋನಿನ ಅಂಗಡಿಯಿಂದ ನಾನು ಆ ವಿಆರ್ ಹೆಡ್‌ಸೆಟ್ ತಂದೆ. ದುಬೈಯಿಂದ ಬಂದ ಯಾರೋ ಮಾರಿಹೋದದ್ದು. ಹಳದೀಪುರದ ನಮ್ಮ ಬಾಡಿಗೆ ಕೋಣೆಯಲ್ಲಿ ಅದನ್ನು ಕಣ್ಣಿಗೆ ಕಟ್ಟಿಕೊಂಡು ನಾನು ಗಾಳಿಗೆ ಗುದ್ದುತ್ತಿದ್ದರೆ ಅಕ್ಕ ನಗುತ್ತಿದ್ದಳು.

"ಮೈಮೇಲೆ ಬಂತಾ ಎಂತ ನಿಂಗೆ? ಪಾತ್ರೆ ಬೀಳಿಸ್ಬೇಡ ಮಾರಾಯಾ."

ಆಮೇಲೆ ಅವಳಿಗೂ ಹುಚ್ಚು ಹಿಡಿಯಿತು. ಅವಳದು ಮನೆ ಕಟ್ಟುವ ಆಟ. ಕುಮಟೆಯ ಗೇರುಬೀಜದ ಕಾರ್ಖಾನೆಯಿಂದ ಬಂದವಳೇ ಕೈತೊಳೆದು ಕೂರುತ್ತಿದ್ದಳು. ಆ ಆಟವನ್ನು ಬ್ರೌಸರಿನಲ್ಲೇ ತೆರೆದು ಆಡಬಹುದಿತ್ತು, ಹೆಡ್‌ಸೆಟ್ಟಿಗೆ ಇನ್‌ಸ್ಟಾಲ್ ಮಾಡಿಕೊಂಡೂ ಆಡಬಹುದಿತ್ತು.

"ಯಾವ್ದು ಒಳ್ಳೇದಾ ತಮ್ಮಾ?"

"ಬ್ರೌಸರೇ ಸಾಕು. ಎರಡೂ ಒಂದೇ."

ಒಂದೇ ಅಲ್ಲ. ಇನ್‌ಸ್ಟಾಲ್ ಮಾಡಿದರೆ ಮನೆ ಅವಳ ಖಾತೆಯಲ್ಲಿ ಭದ್ರವಾಗಿರುತ್ತಿತ್ತು. ಬ್ರೌಸರಿನಲ್ಲಿ ಉಳಿದದ್ದನ್ನು ಅಳಿಸಿದರೆ ಅಲ್ಲಿ ಆಡಿದ್ದೆಲ್ಲ ಹೋಗುತ್ತದೆಂದು ಅಂಗಡಿಯವನು ಹೇಳಿಯೇ ಕೊಟ್ಟಿದ್ದ. ಆದರೆ ಹೆಡ್‌ಸೆಟ್ಟಿನ ಜಾಗವೆಲ್ಲ ನನ್ನ ಗುದ್ದಾಟದ ಆಟಕ್ಕೆ ಬೇಕಿತ್ತು.

ಅಕ್ಕ ತಿಂಗಳುಗಟ್ಟಲೆ ಕಟ್ಟಿದಳು. ಪಡುವಣಕ್ಕೆ ಜಗಲಿ, ಅಡುಗೆಮನೆಗೆ ದೊಡ್ಡ ಕಿಟಕಿ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ. "ಇಲ್ಲಿ ನೀನು ಬಾಗ್ಲು ತಟ್ಟಿ ಬರ್ಬೇಕು, ಆತಾ?" ಎನ್ನುತ್ತಿದ್ದಳು. ನಮ್ಮದು ಒಂದೇ ಕೋಣೆ. ಅವಳು ಸೀರೆ ಬದಲಿಸಬೇಕಾದರೆ ನಾನು ಹೊರಗೆ ಹೋಗಿ ನಿಲ್ಲಬೇಕು.

ಒಂದು ಭಾನುವಾರ ನನ್ನ ಆಟವನ್ನು ಅಪ್‌ಡೇಟ್ ಮಾಡಲು ಜಾಗ ಸಾಲಲಿಲ್ಲ. ಬ್ರೌಸರಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಒತ್ತಿದೆ.

ಸಂಜೆ ಅಕ್ಕ ಹೆಡ್‌ಸೆಟ್ ಕಟ್ಟಿಕೊಂಡು ಅತ್ತ ತಿರುಗಿದಳು, ಇತ್ತ ತಿರುಗಿದಳು. "ಬರೀ ಬಯಲು ಕಾಣ್ತದಲ್ಲಾ. ಮನೆ ಎಲ್ಲಿ ಹೋಯ್ತು?"

"ಎಂತದೋ ಇಂಗ್ಲಿಷಲ್ಲಿ ಬಂತು ಅಕ್ಕಾ. ಏಳನೇ ಇಯತ್ತೆ ಓದಿದವ್ನಿಗೆ ಎಂತ ತಿಳೀತದೆ? ಒತ್ತಿಬಿಟ್ಟೆ."

ಓದಿಲ್ಲ ಎಂಬ ಮಾತಿನ ಹಿಂದೆ ನಾನು ಎಷ್ಟೋ ಸಲ ಅಡಗಿದ್ದೇನೆ. ಎಲ್ಲ ಕಡೆ ನಡೆದಿತ್ತು.

ಅಕ್ಕ ಹೆಡ್‌ಸೆಟ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. "ಡಿಲೀಟ್ ಅಂತ ಬರ್ದಿತ್ತಲ್ವಾ? ಫೋನಲ್ಲಿ ಫೋಟೋ ತುಂಬಿದಾಗ ಆ ಶಬ್ದ ನಿಂಗೆ ತೋರ್ಸಿ ಕೊಟ್ಟದ್ದು ನಾನು. ಒತ್ತೂಕೆ ಮುಂಚೆ ನನ್ನ ಕೇಳು ಅಂದಿದ್ದೆ."

ಹೌದು, ಓದಿದ್ದೆ. ಓದಿಯೇ ಒತ್ತಿದ್ದೆ.

ಮರುದಿನ ನನ್ನ ಆಟ ತೆಗೆದು, ಅವಳದನ್ನು ಇನ್‌ಸ್ಟಾಲ್ ಮಾಡಿ, ಹೆಡ್‌ಸೆಟ್ಟನ್ನು ಅವಳ ಹಾಸಿಗೆಯ ಮೇಲಿಟ್ಟೆ. ಅವಳು ಅದನ್ನೆತ್ತಿ ಕಪಾಟಿನ ಮೇಲಿಟ್ಟು ಹಾಸಿಗೆ ಮಡಚಿದಳು.

"ಇನ್ನು ಹೋಗೂದಿಲ್ಲ ಅಕ್ಕಾ. ಇದು ಒಳಗೇ ಇರ್ತದೆ."

"ಒಳಗೆ ನೀನೂ ಇರ್ತೆ ಅಲ್ವಾ?"

ನಾನು ಹೊರಗೆ ಹೋಗಿ ನಿಂತೆ. ಅವಳು ಸೀರೆಯನ್ನೇನೂ ಬದಲಿಸುತ್ತಿರಲಿಲ್ಲ.